ಎತ್ತಿದರೆ ಸರ್ಕಾರ, ಇಳಿಸಿದರೆ ಚಿಕ್ಕಪ್ಪ

ಸಿಟ್ಟು ಬಂದಾಗ ಕೂಗಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರು ಕೂಗಾಡುತ್ತಾರೆ, ಒಂದು ಚೊಂಬು ನೀರು ಕುಡಿಯುತ್ತಾರೆ, ಆಮೇಲೆ ಹಗುರಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ನನಗೆ ಆ ಭಾಗ್ಯವಿಲ್ಲ. ಸಿಟ್ಟು ಬಂದರೆ ನಾನು ಒಣಗಿದ ಬಟ್ಟೆ ಮಡಿಸಲು ಕೂರುತ್ತೇನೆ. ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಒತ್ತಿ, ಒಂದರ ಮೇಲೊಂದು ಇಡುತ್ತೇನೆ. ಆ ಮಡಿಕೆಯನ್ನು ನೋಡಿಯೇ ನಮ್ಮಮ್ಮ, "ಇವತ್ತು ಯಾರ ಮೇಲೆ?" ಎಂದು ಕೇಳುತ್ತಾಳೆ. ಈಚೆಗೆ ನಮ್ಮ ಮನೆಯ ಬೀರುವಿನ ಬಟ್ಟೆಗಳೆಲ್ಲ ಇಸ್ತ್ರಿ ಮಾಡಿಸಿದಂತೆ ಕಾಣುತ್ತಿವೆ. ಅದಕ್ಕೆ ಕಾರಣ ನಡುಮನೆಯ ಗೋಡೆಯ ಮೇಲಿರುವ ಒಂದು ಕಬ್ಬಿಣದ ಪೆಟ್ಟಿಗೆ. ಅದರ ಪಕ್ಕೆಯಲ್ಲಿ ಒಂದು ಹಿಡಿ ಇದೆ. ಅಂಗಡಿಯವರು ಅದನ್ನು ಚೇಂಜೋವರ್ ಸ್ವಿಚ್ ಎನ್ನುತ್ತಾರೆ. ನಮ್ಮ ಬೀದಿಯವರು ಅದನ್ನು "ರತ್ನನ ಬೀಗ" ಎನ್ನುತ್ತಾರೆ. ರತ್ನ ಎಂದರೆ ನಾನು.

ಮೊದಲಿಂದ ಹೇಳಬೇಕು. ನಮ್ಮೂರು ತಿಪಟೂರಿನಿಂದ ಹಾಲ್ಕುರಿಕೆಗೆ ಹೋಗುವ ದಿಕ್ಕಿನಲ್ಲಿದೆ. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದು ತಿಪಟೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಬೆಳಿಗ್ಗೆ ಬಸ್ಸು ಹತ್ತುತ್ತೇನೆ, ಸಂಜೆ ಇಳಿಯುತ್ತೇನೆ, ನಡುವೆ ಯಾರೊಡನೆಯೂ ಅನಗತ್ಯ ಮಾತಾಡುವುದಿಲ್ಲ. ಇದು ಜಂಬವಲ್ಲ, ಅಪ್ಪನಿಂದ ಬಂದ ಗುಣ. ಅಪ್ಪ ಕೊಬ್ಬರಿ ಮಾರುವ ದಿನ ಬಿಟ್ಟು ಉಳಿದ ದಿನಗಳಲ್ಲಿ ಮಾತಾಡಿದ್ದನ್ನು ನಾನು ಕಾಣೆ. ಮನೆಗೆ ಬೇಕಾದ ಒಟ್ಟು ಮಾತನ್ನೆಲ್ಲ ಆಡುವವರು ಅಪ್ಪನ ತಮ್ಮ, ನಮ್ಮ ಶಿವಣ್ಣ ಚಿಕ್ಕಪ್ಪ.

ನಮ್ಮೂರಿಗೆ ಇರುವುದು ಒಂದೇ ಟ್ರಾನ್ಸ್‌ಫಾರ್ಮರು, ಕೆರೆ ಏರಿಯ ಪಕ್ಕದಲ್ಲಿ. ಅದು ಊರಿನ ಭಾರವನ್ನೆಲ್ಲ ಒಟ್ಟಿಗೆ ಹೊರಲಾರದು ಎಂದು ಲೈನ್‌ಮನ್ ರಂಗಪ್ಪ ಸಂಜೆ ಹೊತ್ತು ಸರದಿಯಂತೆ ಒಂದೊಂದು ಬೀದಿಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ಇಡೀ ಊರಿಗೆ ಮಂಕು ಬೆಳಕು ಕೊಡುವ ಬದಲು ಒಂದು ಬೀದಿಗೆ ಪೂರ್ತಿ ಕತ್ತಲೆ ಕೊಡುವುದು ಅವನ ಪದ್ಧತಿ. ನಮ್ಮ ಬೀದಿ ಚಿಕ್ಕದು, ನಾಲ್ಕೇ ಮನೆ. ಚಿಕ್ಕವರಿಗೆ ಸರದಿ ಬೇಗ ಬರುತ್ತದೆ. ಚಿಕ್ಕಪ್ಪ ಟೆಲಿವಿಷನ್ ತಂದಮೇಲೆ ಈ ಕತ್ತಲೆ ಅವರಿಗೆ ಸಹಿಸಲಾಗಲಿಲ್ಲ. ಕ್ರಿಕೆಟ್ ನಡೆಯುತ್ತಿರುವಾಗ ಪರದೆ ಚುಕ್ಕಿಯಾಗಿ ಆರಿಹೋದರೆ ಅವರು ರಂಗಪ್ಪನ ಏಳು ತಲೆಮಾರನ್ನು ನೆನೆಯುತ್ತಿದ್ದರು. ಕೊನೆಗೆ ಒಂದು ದಿನ ಬೆಂಗಳೂರಿಗೆ ಹೋಗಿ, ಕೆಂಪು ಬಣ್ಣದ ಪುಟ್ಟ ಜನರೇಟರನ್ನು ಲಾರಿಯಲ್ಲಿ ತೆಂಗಿನ ನಾರಿನ ಮೂಟೆಗಳ ನಡುವೆ ಮಗುವಿನಂತೆ ಕೂರಿಸಿಕೊಂಡು ಬಂದರು.

ಅದನ್ನು ಮನೆಗೆ ಜೋಡಿಸಿದ್ದು ಹೇಗೆ ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಂದು ಉದ್ದನೆಯ ವೈರು. ಎರಡು ತುದಿಗೂ ಪಿನ್ನು. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ನಡುಮನೆಯ ಸಾಕೆಟ್ಟಿಗೆ. ಕರೆಂಟು ಹೊರಗೆ ಬರುವ ತೂತಿನಿಂದಲೇ ಕರೆಂಟನ್ನು ಒಳಗೆ ತಳ್ಳುವುದು. ಮನೆಯ ಬಲ್ಬುಗಳೆಲ್ಲ ಹತ್ತಿಕೊಂಡವು. ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತರು. ಅಷ್ಟರಲ್ಲಿ ಎದುರುಮನೆ ಪುಟ್ಟಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ಶಿವಣ್ಣ, ನಿನ್ ಮಿಷನ್ನಿಂದ ನಮ್ಮನೆ ದೀಪಾನೂ ಹತ್ಕೊಂಡೈತೆ ಕಣಪ್ಪ. ಕೆಂಪಗೆ, ಮಾಗಿದ ಹಣ್ಣಿದ್ದಂಗೆ. ನಿನ್ ಹೊಟ್ಟೆ ತಣ್ಣಗಿರ್ಲಿ."

ಪಕ್ಕದ ಎರಡು ಮನೆಯವರೂ ಬಂದು ಅದನ್ನೇ ಹೇಳಿದರು. ನಮ್ಮ ಮೈನ್ ಸ್ವಿಚ್ಚನ್ನು ಯಾರೂ ಆರಿಸಿರಲಿಲ್ಲ. ನಮ್ಮ ಜನರೇಟರಿನ ಕರೆಂಟು ಮೀಟರನ್ನು ಹಿಂದುಮುಂದಾಗಿ ದಾಟಿ, ಕಂಬ ಹತ್ತಿ, ಬೀದಿಯ ನಾಲ್ಕೂ ಮನೆಗೆ ಹರಿದಿತ್ತು. ಜನರೇಟರು ಏರು ಹತ್ತುವ ಎತ್ತಿನಂತೆ ಏದುಸಿರು ಬಿಡುತ್ತಿತ್ತು. ನಾನು ಓಡಿಹೋಗಿ ಮೈನು ಆರಿಸಿದೆ. ಹೊರಗೆ "ಅಯ್ಯೋ" ಎಂಬ ಶಬ್ದ ಕೇಳಿಸಿತು. ಚಿಕ್ಕಪ್ಪ ಬಂದು ಅದನ್ನು ಮತ್ತೆ ಹಾಕಿದರು.

"ಚಿಕ್ಕಪ್ಪ, ಇದು ತಪ್ಪು. ಆ ಕಂಬದ ತಂತಿಯಲ್ಲಿ ಈಗ ಕರೆಂಟಿದೆ. ಫ್ಯೂಸು ಕಿತ್ತಿದ್ದೇನೆ ಎಂದು ನಂಬಿ ರಂಗಪ್ಪ ಕಂಬ ಹತ್ತಿದರೆ ಸತ್ತುಹೋಗುತ್ತಾನೆ."

"ಅವನ್ಯಾಕೆ ಹತ್ತಾನು, ಬುಡು. ಕತ್ಲಾದ್ಮೇಲೆ ಅವನು ಏಣೀನೂ ಹತ್ತಲ್ಲ."

"ಅತ್ತ ಕಡೆಯಿಂದ ನಿಜವಾದ ಕರೆಂಟು ಬಂದು ಇದಕ್ಕೆ ಗುದ್ದಿದರೆ ಜನರೇಟರೇ ಸುಟ್ಟುಹೋಗುತ್ತದೆ."

ಇದು ಮಾತ್ರ ಅವರಿಗೆ ನಾಟಿತು. ಮಾರನೆಯ ದಿನವೇ ರಂಗಪ್ಪನೊಡನೆ ಒಪ್ಪಂದವಾಯಿತು. ಫ್ಯೂಸು ಹಾಕುವ ಮೊದಲು ಅವನು ಕೆರೆ ಏರಿಯ ಮೇಲೆ ನಿಂತು ಶಿಳ್ಳೆ ಹಾಕಬೇಕು, ಚಿಕ್ಕಪ್ಪ ಪಿನ್ನು ಕೀಳಬೇಕು. ಹೀಗೆ ಭೌತಶಾಸ್ತ್ರದ ಒಂದು ಸಮಸ್ಯೆ ಶಿಳ್ಳೆಯಲ್ಲಿ ಪರಿಹಾರವಾಯಿತು. ಬೀದಿಯಲ್ಲಿ ಚಿಕ್ಕಪ್ಪನ ಮರ್ಯಾದೆ ಏರಿತು. ನಮ್ಮ ಕಡೆ ಒಂದು ಮಾತಿದೆ, ಕಾಯಿ ಒಡೆದವನು ಒಬ್ಬನೇ ತಿನ್ನಬಾರದು ಎಂದು. ಅದನ್ನು ವಿದ್ಯುತ್ತಿಗೂ ಅನ್ವಯಿಸಿದ ಮೊದಲ ಮನುಷ್ಯ ಅವರೇ ಇರಬೇಕು. ನಾನು ಬಟ್ಟೆ ಮಡಿಸುತ್ತ ಕುಳಿತೆ.

ನಾನು ಹೆದರಿದ್ದು ಒಂದು ಭಾನುವಾರ ಹಗಲು ಹೊತ್ತಿನಲ್ಲೇ ನಡೆಯುವುದರಲ್ಲಿತ್ತು. ನಮ್ಮ ಹಿತ್ತಲ ತೆಂಗಿನ ಮರದಿಂದ ಒಣಗಿದ ಗರಿಯೊಂದು ಜಾರಿ ಬೀದಿಯ ತಂತಿಯ ಮೇಲೆ ಬಿದ್ದು ನೇತಾಡುತ್ತಿತ್ತು. ರಂಗಪ್ಪ ಫ್ಯೂಸು ಕಿತ್ತು ಬಂದು, ಚಪ್ಪಲಿ ಬಿಟ್ಟು, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕಂಬ ಹತ್ತತೊಡಗಿದ. ನಾನು ಜಗಲಿಯಲ್ಲಿ ಉತ್ತರಪತ್ರಿಕೆ ನೋಡುತ್ತ ಕುಳಿತಿದ್ದೆ. ಅದುವರೆಗೆ ಒಳಗೆ ಕ್ರಿಕೆಟ್ ನಡೆಯುತ್ತಿತ್ತು. ಕರೆಂಟು ಹೋದದ್ದು ಚಿಕ್ಕಪ್ಪನಿಗೆ ಗೊತ್ತಾಯಿತು, ಯಾಕೆ ಹೋಯಿತೆಂದು ಗೊತ್ತಾಗಲಿಲ್ಲ. ಪಕ್ಕದ ಕೊಟ್ಟಿಗೆಯಲ್ಲಿ ಅವರು ಜನರೇಟರಿನ ಹಗ್ಗ ಎಳೆದ ಸದ್ದು ಕೇಳಿಸಿತು. ಮೊದಲ ಎಳೆತಕ್ಕೆ ಅದು ಕೆಮ್ಮಿತು. ರಂಗಪ್ಪ ತಂತಿಗೆ ಒಂದು ಮೊಳ ಕೆಳಗಿದ್ದ.

ನಾನು ಕೂಗಿದೆ. ಏನು ಕೂಗಿದೆನೋ ನನಗೆ ನೆನಪಿಲ್ಲ. "ಲೇ ಇಳಿಯೋ ಮುಟ್ಠಾಳ" ಎಂದು ಕೂಗಿದೆ ಎಂದು ಬೀದಿಯವರು ಹೇಳುತ್ತಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯನನ್ನು ನಾನು ಹಾಗೆ ಕರೆದಿರಲಾರೆ ಎಂದು ನನ್ನ ನಂಬಿಕೆ. ಪತ್ರಿಕೆಗಳು ಬೀದಿಯ ತುಂಬ ಹಾರಿದವು. ರಂಗಪ್ಪ ಕಂಬವನ್ನು ತಬ್ಬಿಕೊಂಡು ನಿಂತ. ನಾನು ಒಳಗೆ ಓಡಿ ಸಾಕೆಟ್ಟಿನ ಪಿನ್ನು ಕಿತ್ತೆ. ಅಷ್ಟು ಹೊತ್ತಿಗೆ ಎರಡನೆಯ ಎಳೆತಕ್ಕೆ ಜನರೇಟರು ಶುರುವಾಗಿ ಹಾಡುತ್ತಿತ್ತು.

ಕೆಳಗಿಳಿದ ರಂಗಪ್ಪ ನಮ್ಮ ಜಗಲಿಯ ಮೇಲೆ ಕುಳಿತು ಕಾಫಿ ಕುಡಿದ. ಮೊದಲ ಲೋಟಕ್ಕೆ ಮಾತು ಗಟ್ಟಿಯಾಗಿತ್ತು. "ನಂಗೇನಾಯ್ತದವ್ವ. ಕರೆಂಟು ನಂಗೆ ದಾಯಾದಿ ಇದ್ದಂಗೆ, ಜಗಳ ಆಡ್ತದೆ, ಕೊಲ್ಲಲ್ಲ." ಎರಡನೆಯ ಲೋಟಕ್ಕೆ ಅವನ ದನಿ ಇಳಿಯಿತು. "ಶಿವಣ್ಣೋರೆ, ಅದೇನೋ ಸ್ವಿಚ್ಚು ಅಂತ ಅಮ್ಮಣ್ಣಿ ಹೇಳ್ತಾರಲ್ಲ, ಅದನ್ನ ಹಾಕ್ಸಿಬುಡಿ." ನಾನು ಎಷ್ಟೋ ವಾರಗಳಿಂದ ಹೇಳುತ್ತಿದ್ದುದನ್ನು ಅವನು ಒಂದೇ ಸಲ ಹೇಳಿದ. ಚಿಕ್ಕಪ್ಪ ತಕ್ಷಣ ಒಪ್ಪಿದರು. ಅಂದು ನಾನು ಮಡಿಸಲು ಬಟ್ಟೆ ಸಾಲದೆ ಚೀಲಗಳನ್ನು ಮಡಿಸಿದೆ.

ತಿಪಟೂರಿನಿಂದ ವೈರಿಂಗ್ ಕೆಲಸದ ಶಫಿ ಸಾಹೇಬರು ಪೆಟ್ಟಿಗೆಯೊಡನೆ ಬಂದರು. ಹಿಡಿಯನ್ನು ಮೇಲಕ್ಕೆತ್ತಿದರೆ ಕಂಬದ ಕರೆಂಟು, ಕೆಳಕ್ಕಿಳಿಸಿದರೆ ಜನರೇಟರಿನದು, ನಡುವೆ ನಿಲ್ಲಿಸಿದರೆ ಯಾವುದೂ ಇಲ್ಲ. ಎರಡೂ ಒಟ್ಟಿಗೆ ಸೇರಲು ದಾರಿಯೇ ಇಲ್ಲ. ಇಷ್ಟು ಸರಳವಾದ, ಇಷ್ಟು ಪ್ರಾಮಾಣಿಕವಾದ ಯಂತ್ರವನ್ನು ನಾನು ಕಂಡಿಲ್ಲ. ಆದರೆ ಚಿಕ್ಕಪ್ಪ ಹಿಡಿಯನ್ನು ನೋಡಿ ತಕರಾರು ತೆಗೆದರು. "ನಮ್ದು ಮೇಲಿರ್ಲಿ ಸಾಹೇಬ್ರೇ, ಸರ್ಕಾರದ್ದು ಕೆಳಗಿರ್ಲಿ. ಕಾಸು ಕೊಟ್ಟು ತಂದಿರೋದು ನಾನು." ಎಲ್ಲ ಕಡೆಯೂ ಕಂಬದ್ದೇ ಮೇಲಿರುತ್ತದೆ, ಬೇರೆಯವರು ಮುಟ್ಟಿದಾಗ ಗೊಂದಲವಾಗಬಾರದು ಎಂದು ನಾನು ಹೇಳಿದೆ. ಶಫಿ ಸಾಹೇಬರು ನನ್ನ ಮಾತನ್ನು ಕೇಳಿಸಿಕೊಂಡು, "ಕಂಬದ್ದೇ ಮೇಲಿರ್ಲಿ ಯಜಮಾನ್ರೇ" ಎಂದು ಉತ್ತರವನ್ನು ಚಿಕ್ಕಪ್ಪನಿಗೆ ಕೊಟ್ಟರು. ಅಂದು ಪೂರ್ತಿ ಹಾಗೆಯೇ ನಡೆಯಿತು. ಪ್ರಶ್ನೆ ನನ್ನದು, ಉತ್ತರದ ಮುಖ ಚಿಕ್ಕಪ್ಪನ ಕಡೆಗೆ. ಒಂದು ತಂತಿಯನ್ನು ಮಾತ್ರ ಸ್ವಿಚ್ಚಿನ ಮೂಲಕ ಒಯ್ದು ಇನ್ನೊಂದನ್ನು ನೇರ ಜೋಡಿಸುವ ಸನ್ನಾಹದಲ್ಲಿದ್ದರು ಶಫಿ ಸಾಹೇಬರು.

"ಎರಡೂ ತಂತಿ ಬದಲಾಗಬೇಕು," ಎಂದೆ.

"ಒಂದು ವೈರ್ ಸಾಕು ಯಜಮಾನ್ರೇ," ಎಂದರು ಚಿಕ್ಕಪ್ಪನಿಗೆ.

ನಾನು ಚಿಕ್ಕಪ್ಪನನ್ನು ಅಡುಗೆಮನೆಗೆ ಕರೆದು ಕಾರಣ ಹೇಳಿದೆ. ಅವರು ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು, "ಎರಡೂ ಬದಲಾಗ್ಬೇಕು ಸಾಹೇಬ್ರೇ. ಒಂದೇ ಆದ್ರೆ ಇನ್ನೊಂದ್ರಲ್ಲಿ ಕಂಬದ ಸಹವಾಸ ಉಳ್ಕೊತದೆ" ಎಂದರು.

"ವಾ, ನೀವು ಹೇಳಿದ್ದು ಪಾಯಿಂಟು," ಎಂದು ಶಫಿ ಸಾಹೇಬರು ತಲೆದೂಗಿ ಎರಡನೆಯ ತಂತಿಯನ್ನೂ ಬಿಚ್ಚಿದರು. ಆಮೇಲಿಂದ ನನ್ನ ಜ್ಞಾನವೆಲ್ಲ ಅಡುಗೆಮನೆಯ ಮಾರ್ಗವಾಗಿ ನಡುಮನೆಗೆ ಹೋಯಿತು.

ಇನ್ನೊಂದು ತೊಡಕು ಅಜ್ಜಿಯದು. ಮೀಟರು ಇರುವುದು ಅಟ್ಟದ ಕೆಳಗಿನ ಗೋಡೆಯಲ್ಲಿ. ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ಕಾಯಿ. ವರ್ಷದ ಹತ್ತಿರ ಅವನ್ನು ಯಾರೂ ಅಲುಗಿಸುವುದಿಲ್ಲ. ಗೋಡೆಗೆ ಮೊಳೆ ಹೊಡೆದರೆ ಕಾಯಿ ಅದುರುತ್ತವೆ ಎಂದು ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಅವರನ್ನು ಏಳಿಸಲು ಅಪ್ಪನೇ ಬಾಯಿ ತೆರೆಯಬೇಕಾಯಿತು. ಸುತ್ತಿಗೆಯ ಮೊದಲ ಏಟಿಗೆ ಅಟ್ಟದ ಮೇಲಿನ ಕಾಯಿಗಳೊಳಗೆ ಒಣಗಿದ್ದ ಕೊಬ್ಬರಿ ಗಿಟುಕುಗಳೆಲ್ಲ ಲೊಟಲೊಟ ಎಂದು ಸದ್ದು ಮಾಡಿದವು. ಅಪ್ಪ ತಲೆಯೆತ್ತಿ ಕೇಳಿಸಿಕೊಂಡು, "ಆಗವೆ" ಎಂದರು. ಕೊಬ್ಬರಿ ಸಿದ್ಧವಾಗಿದೆ ಎಂಬ ಸಂತೋಷದಲ್ಲಿ ಸ್ವಿಚ್ಚನ್ನು ಎಲ್ಲರೂ ಮರೆತರು. ನಾನು ಮಾತ್ರ ಸ್ಕ್ರೂಗಳು ಬಿಗಿಯಾಗಿವೆಯೇ ಎಂದು ನೋಡಿದೆ.

ಮರುದಿನ ಸಂಜೆ ನಮ್ಮ ಬೀದಿಯ ಸರದಿ. ನಾನೇ ಹಿಡಿಯನ್ನು ಇಳಿಸಿದೆ. ನಮ್ಮ ಮನೆ ಬೆಳಗಿತು, ಬೀದಿ ಕತ್ತಲಾಗಿಯೇ ಉಳಿಯಿತು. ನನ್ನ ಎದೆಯಲ್ಲಿ ಹೆಮ್ಮೆ ತುಂಬುವ ಮೊದಲೇ ಪುಟ್ಟಮ್ಮ ಬಾಗಿಲಲ್ಲಿ ನಿಂತಿದ್ದಳು.

"ಯಾಕ್ ಶಿವಣ್ಣ, ಮಿಷನ್ನು ಕೆಟ್ಟೋಯ್ತಾ?"

ಚಿಕ್ಕಪ್ಪ ಕಾಲಿನ ಹೆಬ್ಬೆರಳನ್ನು ನೋಡಿಕೊಂಡರು. "ಇಲ್ಲ ಕಣಕ್ಕ. ನಮ್ ರತ್ನ ಒಂದು ಸ್ವಿಚ್ಚು ಹಾಕ್ಸವ್ಳೆ. ಇನ್ನು ಹೊರಗೆ ಹೋಗಲ್ವಂತೆ."

ರಂಗಪ್ಪನ ಜೀವ, ಕಂಬ, ತಂತಿ, ಎಲ್ಲವನ್ನೂ ನಾನು ಪುಟ್ಟಮ್ಮನಿಗೆ ವಿವರಿಸಿದೆ. ತರಗತಿಯಲ್ಲೂ ನಾನು ಅಷ್ಟು ಚೆನ್ನಾಗಿ ವಿವರಿಸಿಲ್ಲ. ಆಕೆ ಪೂರ್ತಿ ಕೇಳಿ ಹೇಳಿದಳು: "ನಿಮ್ಮನೆ ಕರೆಂಟಲ್ಲಿ ನಮ್ಮನೇಲಿ ಮುದ್ದೆ ಕಟ್ಟಕ್ಕೂ ಬೆಳಕು ಸಾಲ್ತಿರ್ಲಿಲ್ಲ ಕಣವ್ವ. ಅಷ್ಟರಲ್ಲಿ ಒಂದಾಳು ಸಾಯ್ತಾನಾ?" ಆಮೇಲೆ ಹೊಸ್ತಿಲು ಇಳಿಯುತ್ತ, ಯಾರಿಗೂ ಅಲ್ಲವೆಂಬಂತೆ, "ಓದಿದ ಮಕ್ಳೇ ಹಂಗೆ. ಮೊದ್ಲು ಕಲಿಯೋದು ಬಾಗ್ಲು ಹಾಕ್ಕೊಳದು" ಎಂದಳು.

ನಾನು ಒಬ್ಬ ಮನುಷ್ಯನ ಪ್ರಾಣ ಉಳಿಸಿದ್ದೆ. ಆದರೆ ಆಗದೇ ಹೋದ ಅನಾಹುತಕ್ಕೆ ಕೈ ಮುಗಿಯುವವರನ್ನು ನಾನು ಎಲ್ಲೂ ಕಂಡಿಲ್ಲ. ಪ್ರಾಣ ಉಳಿಸಿಕೊಂಡವನೂ ಅಷ್ಟೇ. ಈಗ ರಂಗಪ್ಪ ಪ್ರತಿ ಸಲ ನಮ್ಮ ಕಂಬ ಹತ್ತುವ ಮೊದಲು ಬೀದಿಗೆ ಕೇಳುವಂತೆ, "ಅಮ್ಮಣ್ಣೋರೆ, ಹತ್ಲಾ? ಆರ್ಡರ್ ಕೊಡ್ರಿ. ಬಯ್ಬ್ಯಾಡ್ರಿ ಮತ್ತೆ" ಎನ್ನುತ್ತಾನೆ. ಶಿಳ್ಳೆಯನ್ನೂ ನಿಲ್ಲಿಸಿಬಿಟ್ಟ. "ಇನ್ಯಾಕೆ ಶಿಳ್ಳೆ? ಸ್ವಿಚ್ಚೈತಲ್ಲ." ಮಾತು ಸರಿಯೇ. ಈಗ ಕಂಬದ ಕರೆಂಟು ಬಂದರೂ ನಮ್ಮ ಜನರೇಟರಿಗೆ ಅಪಾಯವಿಲ್ಲ.

ಇಲ್ಲಿಯೇ ಒಂದು ಹೊಸ ಸಂಕಟ ಕಾದಿತ್ತು. ಹಿಡಿ ಕೆಳಗಿರುವಾಗ ಕಂಬದ ಕರೆಂಟು ಮರಳಿ ಬಂದರೆ ನಮಗೆ ತಿಳಿಯುವುದು ಹೇಗೆ? ಹಿಂದೆ ಶಿಳ್ಳೆ ಇತ್ತು. ಶಿಳ್ಳೆ ತಪ್ಪಿದ ದಿನ, "ಕರೆಂಟು ಬತ್ತು ಕಣ್ರಪ್ಪೋ" ಎಂಬ ಪುಟ್ಟಮ್ಮನ ಗಂಟಲು ಇತ್ತು. ಈಗ ಎರಡೂ ಇಲ್ಲ. ಒಂದು ಸಂಜೆ ನಾವು ಜನರೇಟರಿನ ಗಲಾಟೆಯಲ್ಲಿ ಊಟ ಮುಗಿಸಿ, ಪೆಟ್ರೋಲು ತೀರಿ, "ಏನು ಇವತ್ತು ಇಷ್ಟೊತ್ತು ತೆಗೆದುಬಿಟ್ಟ ರಂಗ" ಎಂದು ಬಯ್ಯುತ್ತ ಹೊರಗೆ ಬಂದರೆ, ಬೀದಿಯ ಮೂರೂ ಮನೆಗಳಲ್ಲಿ ದೀಪ ಉರಿಯುತ್ತಿದೆ. ಪುಟ್ಟಮ್ಮ ಜಗಲಿಯ ಮೇಲೆ ಕುಳಿತು, ಒಳಗಿನಿಂದ ಬೀಳುವ ಬೆಳಕಿನಲ್ಲಿ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಾಳೆ.

"ಕರೆಂಟು ಯಾವಾಗ ಬಂತು ಪುಟ್ಟಮ್ಮ?" ಎಂದೆ.

"ಆಗ್ಲೇ ಬಂತಲ್ಲ."

"ಹೇಳಬಾರದಿತ್ತೇ?"

"ನಮ್ಮನೇದು ನಮ್ಗೆ ಗೊತ್ತಾಯ್ತು. ನಿಮ್ಮನೇದು ನಿಮ್ಗೆ ಗೊತ್ತಾಗಿರ್ತದೆ ಅನ್ಕೊಂಡೆ. ಓದಿದೋರು." ಅವಳು ಕಡ್ಡಿಯ ತುದಿಯನ್ನು ಉಗುರಿನಿಂದ ಸವರಿದಳು.

ಆಮೇಲೆ ದಿನಾ ಯಾರಾದರೂ ಅಂಗಳಕ್ಕೆ ಹೋಗಿ ಅವರಿವರ ಮನೆಯೊಳಗೆ ಇಣುಕಬೇಕಾಯಿತು. ಆ ಕೆಲಸ ನನ್ನ ಪಾಲಿಗೆ ಬಂತು, ಸ್ವಿಚ್ಚು ನನ್ನದಲ್ಲವೇ. ಬಸ್ಸಿನಲ್ಲಿ ಪಕ್ಕದವರ ಪತ್ರಿಕೆಯ ಕಡೆಗೂ ನೋಡದ ನಾನು, ಪುಟ್ಟಮ್ಮನ ಕಿಟಕಿಯನ್ನು ಕಳ್ಳಿಯಂತೆ ನೋಡುತ್ತ ನಿಲ್ಲುತ್ತಿದ್ದೆ. ಆಕೆಯೂ ಬಿಡದೆ, "ಏನವ್ವ, ನಮ್ಮನೆ ಸಾರಿನ ಬಣ್ಣ ನೋಡ್ತಿದ್ದೀಯಾ?" ಎಂದು ಕೇಳುತ್ತಿದ್ದಳು. ಕರೆಂಟು ಬಂದದ್ದು ಕಂಡರೂ ಓಡಿಬಂದು ಹಿಡಿ ಎತ್ತುವಂತಿರಲಿಲ್ಲ. ಹಿಡಿ ನಡುವಿನ ಜಾಗವನ್ನು ದಾಟುವಾಗ ಮನೆ ಒಂದು ಕ್ಷಣ ಕತ್ತಲಾಗುತ್ತದೆ. ಮುಸ್ಸಂಜೆಯಲ್ಲಿ ಮನೆಯ ದೀಪವನ್ನು ಕೈಯಾರೆ ಕಳೆಯಬಾರದೆಂದು ಅಜ್ಜಿಯ ಕಟ್ಟಪ್ಪಣೆ. "ಅದಾಗೇ ಹೋಗದು ಬೇರೆ, ನಾವಾಗೇ ಕಳ್ಸದು ಬೇರೆ ಕಣೇ." ಮೊದಲು ದೇವರ ಗೂಡಿನಲ್ಲಿ ಎಣ್ಣೆಯ ದೀಪ ಹಚ್ಚಬೇಕು, ಅದು ನೆಟ್ಟಗೆ ನಿಂತಮೇಲೆ ಹಿಡಿ ಎತ್ತಬೇಕು. ನಾನು ಎಲ್ಲಿಯೂ ಓದದ ಈ ನಿಯಮವನ್ನು ಈಗ ತಪ್ಪದೆ ಪಾಲಿಸುತ್ತಿದ್ದೇನೆ.

ಕೊನೆಗೆ ಸೋತವಳು ನಾನೇ. ಶಫಿ ಸಾಹೇಬರನ್ನು ಮತ್ತೆ ಕರೆಸಿದೆ. ನಮ್ಮ ಜನರೇಟರಿನಿಂದ ಬೇರೆಯೇ ಒಂದು ವೈರನ್ನು ಬೀದಿಯ ಮೇಲಿಂದ ಎಳೆದು, ಪುಟ್ಟಮ್ಮನ ಜಗಲಿಗೆ ಒಂದೇ ಒಂದು ಬಲ್ಬು. ಅವಳ ಮನೆಯ ಯಾವ ತಂತಿಗೂ ಅದರ ಸಂಬಂಧವಿಲ್ಲ, ಕಂಬಕ್ಕಂತೂ ಇಲ್ಲವೇ ಇಲ್ಲ. ಯೋಜನೆ ಅಡುಗೆಮನೆಯ ಮಾರ್ಗವಾಗಿಯೇ ಹೋಯಿತು. ಶಫಿ ಸಾಹೇಬರು, "ಯಜಮಾನ್ರ ತಲೆ ತಲೆ" ಎಂದರು. ಪುಟ್ಟಮ್ಮ, "ಶಿವಣ್ಣನ ಕೈ ದೊಡ್ಡದು, ಯಾರೆಷ್ಟು ಬೀಗ ಹಾಕುದ್ರೂ ಬುಡ್ಲಿಲ್ಲ" ಎಂದಳು. ಈಗ ಕರೆಂಟು ಹೋದಾಗ ಬೀದಿಯ ಹೆಂಗಸರೆಲ್ಲ ಆ ಬಲ್ಬಿನ ಕೆಳಗೆ ಗರಿ ಸೀಳುತ್ತ ಕೂರುತ್ತಾರೆ. ಒಳಗೆ ಅವಳ ಅಡುಗೆಮನೆಯ ದೀಪ ಹತ್ತಿಕೊಂಡಿತೋ, ಕೆರೆಯ ಆಚೆ ದಂಡೆಗೂ ಕೇಳುವಂತೆ ಪುಟ್ಟಮ್ಮ ಕೂಗುತ್ತಾಳೆ: "ಲೇ ರತ್ನೀ, ಕರೆಂಟು ಬತ್ತು, ಎತ್ತೇ." ಕಾಲೇಜಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಊರಿನಲ್ಲಿ ಪ್ರತಿ ಸಂಜೆ ನನ್ನ ಹೆಸರು ಕಂಬದಿಂದ ಕಂಬಕ್ಕೆ ಹೋಗುತ್ತದೆ. ನಮ್ಮ ಮನೆಯದು ನಮ್ಮ ಮನೆಯಲ್ಲಿಯೇ ಇರಲಿ ಎಂದು ಸ್ವಿಚ್ಚು ಹಾಕಿಸಿದವಳಿಗೆ ಇದು ಆಗಬೇಕಾದದ್ದೇ.

ಕಂಬದಿಂದ ಸ್ವಿಚ್ಚಿಗೆ ಬರುವ ತಂತಿಗೆ ಒಂದು ಪುಟ್ಟ ಕೆಂಪು ಬಲ್ಬನ್ನು ಜೋಡಿಸಿದ್ದರೆ ಕರೆಂಟು ಬಂದದ್ದು ತಾನಾಗಿಯೇ ತಿಳಿಯುತ್ತಿತ್ತಲ್ಲ ಎಂದು ಓದುಗರಲ್ಲಿ ತಿಳಿದವರು ಕೇಳಬಹುದು. ನನಗೂ ಗೊತ್ತು. ಇಣುಕುವ ಕೆಲಸ ಗಂಟುಬಿದ್ದ ವಾರದಲ್ಲೇ ತಿಪಟೂರಿನಲ್ಲಿ ಆ ಬಲ್ಬನ್ನು ಕೊಂಡು ತಂದಿದ್ದೇನೆ. ಹಾಕಿಸಲು ಪುರುಸೊತ್ತಾಗಿಲ್ಲ.

ಹೋದ ವಾರ ಪುಟ್ಟಮ್ಮ ಮಗಳ ಬಾಣಂತನಕ್ಕೆಂದು ಕಂದಿಕೆರೆಗೆ ಹೋದಳು. ಅಂದು ಸಂಜೆ ಕರೆಂಟು ಹೋಯಿತು, ನಾನು ಹಿಡಿ ಇಳಿಸಿ, ದೇವರ ಗೂಡಿನ ದೀಪಕ್ಕೆ ಎಣ್ಣೆ ಹಾಕಿಟ್ಟುಕೊಂಡು ಕಾದೆ. ಜನರೇಟರು ಒದರುತ್ತಲೇ ಇತ್ತು. ಅಂಗಳಕ್ಕೆ ಹೋಗಿ ನೋಡಬಹುದಾಗಿತ್ತು, ಹೋಗಲಿಲ್ಲ. ಕಾಯುತ್ತ ಕಾಯುತ್ತ ಹಗ್ಗದ ಮೇಲಿದ್ದ ಬಟ್ಟೆಯನ್ನೆಲ್ಲ ತಂದು ಮಡಿಸತೊಡಗಿದೆ. ಅಮ್ಮ ಮಡಿಕೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, "ಇವತ್ತು ಯಾರ ಮೇಲೆ?" ಎಂದಳು.

"ಪುಟ್ಟಮ್ಮನ ಮೇಲೆ," ಎಂದೆ. "ಬರುವುದು ಯಾವಾಗ ಎಂದು ಒಂದು ಮಾತು ಹೇಳಿ ಹೋಗಬಾರದಿತ್ತೇ?"

ಮಡಿಸಿದ ಬಟ್ಟೆಯನ್ನು ಬೀರುವಿನಲ್ಲಿ ಇಡುವಾಗ ತಳದಲ್ಲಿದ್ದ ಕೆಂಪು ಬಲ್ಬು ಕೈಗೆ ತಗುಲಿತು. ಒಡೆಯದ ಹಾಗೆ ಅದರ ಮೇಲೆ ಇನ್ನೊಂದು ಟವೆಲು ಹೊದಿಸಿ ಬೀರುವಿನ ಬಾಗಿಲು ಹಾಕಿದೆ.